ಗುರುವಾರದ ಎಣಿಕೆ

ನಮ್ಮ ಮನೆಯಲ್ಲಿ ಗುರುವಾರ ಸಂಜೆ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು, ಯಾರಿಗೂ ಜ್ವರ ಬರಬಾರದು. ಬಂದರೂ ನಮ್ಮ ಅತ್ತೆಯನ್ನು ನೆಚ್ಚಿಕೊಂಡು ಬರಬಾರದು. ಈ ಮಾತನ್ನು ನಮ್ಮಪ್ಪ ನೆಂಟರಿಷ್ಟರ ಮುಂದೆಲ್ಲ ಹೇಳಿ ನಗುತ್ತಿದ್ದ. ಅತ್ತೆ ಅಪ್ಪನ ಒಬ್ಬಳೇ ತಂಗಿ. ನನ್ನ ಮದುವೆ ಗುರುವಾರವೇ ಬಿತ್ತು. ಮಧ್ಯಾಹ್ನದ ಊಟ ಮುಗಿಯುತ್ತಿದ್ದ ಹಾಗೆ ಅತ್ತೆ ಹೊಸ ಬಟ್ಟೆಯ ಮೇಲೆಯೇ ಹಳೆ ಸ್ವೆಟರ್ ಏರಿಸಿ, ನನ್ನ ಕೆನ್ನೆ ಹಿಂಡಿ, ಬಸ್ಸು ಹಿಡಿದು ಹೊರಟೇಬಿಟ್ಟಳು. ಬೀಗರ ಕಡೆಯ ಹಿರಿಯರೊಬ್ಬರು ಏನಾದರೂ ಬೇಸರವಾಯಿತೇ ಎಂದು ವಿಚಾರಿಸಿದರು. ಹಾಗೇನಿಲ್ಲ, ಬಾವಲಿ ಎಣಿಸೋಕೆ ಹೋದಳು ಎಂದು ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಮನೆಯಲ್ಲಿ ನಾನು ಇವತ್ತಿಗೂ 'ಬಾವಲಿ ಕಡೆಯವಳು'.

ನನಗೂ ಅವತ್ತು ಕೋಪ ಬಂದಿತ್ತು. ಕೋಪ ನನಗೆ ಬೇಗ ಬರುತ್ತದೆ. ಹೊಲಿಗೆ ಅಂಗಡಿ ಇಟ್ಟವಳಿಗೆ ಬಾರದೆ ಹೇಗಿರುತ್ತದೆ? ಅಳತೆ ಕೊಟ್ಟು ಹೋಗಿ, ತಿಂಗಳುಗಟ್ಟಲೆ ತಿಂದು ದಪ್ಪಗಾಗಿ ಬಂದು, ನಿನ್ನ ಟೇಪೇ ಸರಿಯಿಲ್ಲ ಅನ್ನುವವರ ನಡುವೆ ನನ್ನ ಬದುಕು. ಹಾಗಾಗಿ ಅತ್ತೆಯ ಬಗ್ಗೆ ಬರೆಯುವಾಗಲೂ ನಡುನಡುವೆ ನನ್ನ ದನಿ ಏರಬಹುದು. ಏರಲಿ. ಅವಳ ಪರವಾಗಿ ದನಿ ಏರಿಸಲು ಬೇರೆ ಯಾರೂ ಇರಲಿಲ್ಲ. ಅವಳಂತೂ ಒಂದು ದಿನವೂ ಏರಿಸಿದವಳಲ್ಲ.

ಅತ್ತೆಯ ಗಂಡ ನೀರು ಸರಬರಾಜು ಇಲಾಖೆಯಲ್ಲಿ ನೀರುಗಂಟಿ. ಮದುವೆಯಾದ ಮೂರನೇ ವರ್ಷ, ಟ್ಯಾಂಕಿನ ಒಳಗೋಡೆ ಉಜ್ಜಲು ಇಳಿದವನು ಏಣಿ ಜಾರಿ ಬಿದ್ದು ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಇಲಾಖೆಯವರು ಅನುಕಂಪದ ಆಧಾರದ ಮೇಲೆ ಅವನ ಕೆಲಸವನ್ನೇ ಅವಳಿಗೆ ಕೊಟ್ಟರು. ವಾಲ್ವ್ ತಿರುಗಿಸುವ ಕಬ್ಬಿಣದ ಕೀ ಅವಳ ಎದೆಯೆತ್ತರ ಇತ್ತು. ಅದನ್ನು ಇವಳು ತಿರುಗಿಸುತ್ತಾಳೋ, ಅದೇ ಇವಳನ್ನು ತಿರುಗಿಸುತ್ತದೋ ನೋಡೋಣ ಎಂದು ಪಂಪ್‌ಹೌಸಿನ ಗಂಡಸರು ಮೊದಲ ವಾರ ಗೋಡೆಗೊರಗಿ ನಿಂತು ತಮಾಷೆ ನೋಡಿದರಂತೆ. ಆರು ತಿಂಗಳಾಗುವಷ್ಟರಲ್ಲಿ ಅವಳು ಪೈಪಿನ ಮೇಲೆ ಅಂಗೈ ಇಟ್ಟು, ನೀರು ಯಾವ ಬೀದಿ ಮುಟ್ಟಿತು ಎಂದು ಹೇಳತೊಡಗಿದಳು. ಗಂಡಸರು ಬಾಯಿ ಮುಚ್ಚಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಪಂಪ್‌ಹೌಸಿಗೆ ಅಂಟಿಕೊಂಡಂತೆ ಒಂದೇ ಕೋಣೆಯ ಕ್ವಾರ್ಟರ್ಸು. ಮಂಚ, ಸ್ಟೌ, ಗಂಡನ ಹಳೆ ಟಾರ್ಚು, ಬ್ಲೀಚಿಂಗ್ ಪುಡಿಯ ವಾಸನೆ. ಮೇಜಿನ ಮೇಲೆ ಮಟ್ಟದ ಪುಸ್ತಕ. ಎರಡು ಗಂಟೆಗೊಮ್ಮೆ ಟ್ಯಾಂಕಿನ ನೀರು ಎಷ್ಟಿದೆ ಎಂದು ಅದರಲ್ಲಿ ಬರೆಯಬೇಕು. ಅತ್ತೆಯ ಅಕ್ಷರ ಅಷ್ಟೇನೂ ಚೆಂದವಲ್ಲ, ಆದರೆ ಅಂಕಿಗಳು ಅಚ್ಚು ಹಾಕಿದ ಹಾಗೆ. ಇಲಾಖೆಯ ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ಒಂದು ಅಂಕಿಯನ್ನೂ ಹೊಡೆದು ತಿದ್ದಿದವಳಲ್ಲ. ಇದನ್ನು ಅವಳ ನಿವೃತ್ತಿಯ ದಿನ ಇಂಜಿನಿಯರೇ ಭಾಷಣದಲ್ಲಿ ಹೇಳಿದರು.

ಪಂಪ್‌ಹೌಸಿನ ಹಿಂದೆ ನಲವತ್ತು ಹೆಜ್ಜೆ ನಡೆದರೆ ಒಂದು ಹಳೆ ಸುರಂಗ. ಗುಡ್ಡದ ಆಚೆಗಿನ ಕೆರೆಯಿಂದ ನೀರು ತರಲು ಮುತ್ತಾತಂದಿರ ಕಾಲದಲ್ಲಿ ಕೊರೆದು, ಇಟ್ಟಿಗೆಯ ಕಮಾನು ಕಟ್ಟಿದ್ದು. ಹೊಸ ಪೈಪು ಬಂದ ಮೇಲೆ ಒಣಗಿ ಬಿದ್ದಿತ್ತು. ಅದರೊಳಗೆ ಬಾವಲಿಗಳಿದ್ದವು. ಹಣ್ಣಿನ ಮರಕ್ಕೆ ಜೋತುಬೀಳುವ ದೊಡ್ಡ ಬಾವಲಿಗಳಲ್ಲ, ಹುಳ ಹಿಡಿದು ತಿನ್ನುವ ಪುಟ್ಟವು. ಒಂದೊಂದು ಒಂದು ನಿಂಬೆಹಣ್ಣಿನ ತೂಕವೂ ಇರಲಿಲ್ಲ.

ಅತ್ತೆ ಕೆಲಸಕ್ಕೆ ಸೇರಿದ ಮರುವರ್ಷ ಒಬ್ಬ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವರು. ಸುರಂಗಕ್ಕೆ ಹೋಗಿ ಒಂದನ್ನು ಹಿಡಿದು ತಂದು, ಚರ್ಮದ ಕೈಗವಸಿನಲ್ಲಿ ಹಿಡಿದುಕೊಂಡು ಅತ್ತೆಗೆ ತೋರಿಸಿದರು. ಮೂಗಿನ ಮೇಲೆ ಮಡಿಸಿಟ್ಟ ಎಲೆಯಂಥ ಚರ್ಮ. ಅದರ ಎದೆಯ ಮೇಲೆ ಬೆರಳಿಡಲು ಹೇಳಿದರು. ನಿನ್ನ ಮೆಷಿನ್ನು ಜೋರಾಗಿ ಓಡಿದ ಹಾಗೆ ಬಡೀತಿತ್ತು ಎಂದು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಈ ಜಾತಿಯ ಎಲೆಮೂಗಿನ ಬಾವಲಿ ಈ ಸುರಂಗ ಬಿಟ್ಟರೆ ಇನ್ನೆಲ್ಲೂ ಕಂಡಿಲ್ಲ ಎಂದರಂತೆ ಮೇಷ್ಟ್ರು. ವರ್ಷಕ್ಕೆ ಒಂದೇ ಮರಿ. ಲೋಕದ ಪ್ರಾಣಿಗಳದ್ದೆಲ್ಲ ಒಂದು ಪಟ್ಟಿ ಇದೆ. ಅದರಲ್ಲಿ ಕೆಲವಕ್ಕೆ ಆತಂಕವಿಲ್ಲ, ಕೆಲವು ಅಳಿವಿನಂಚಿನಲ್ಲಿವೆ, ಕೆಲವು ಆಗಲೇ ಇಲ್ಲ. ಈ ಬಾವಲಿಯ ಮುಂದೆ ಮಾತ್ರ 'ಮಾಹಿತಿ ಸಾಲದು' ಎಂದು ಬರೆದಿದೆ. ಇದ್ದಾವೋ ಸತ್ತಾವೋ ಎಂದು ಯಾರೂ ಹೋಗಿ ನೋಡಿಲ್ಲ ಅನ್ನುವುದು ಅದರ ಅರ್ಥ.

ಅತ್ತೆಗೆ ಆ ಮಾತು ನಾಟಿತು. ಅವಳಿಗಾಗ ಮೂವತ್ತಮೂರು. ಗಂಡ ಹೋದ ಮೇಲೆ ಇಲಾಖೆಯವರು ಆರು ಫಾರಂ ತುಂಬಿಸಿಕೊಂಡಿದ್ದರು, ನಮ್ಮ ಮನೆಯವರು ಹದಿಮೂರು ದಿನ ಇದ್ದು ಬಂದಿದ್ದರು. ಆಮೇಲೆ ಅವಳು ಆ ಒಂದೇ ಕೋಣೆಯಲ್ಲಿ ಹೇಗಿದ್ದಾಳೆ ಎಂದು ಹೋಗಿ ನೋಡಿದವರು ಕಡಿಮೆ. ಅವಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಎಣಿಸಿಕೊಡುತ್ತೀರಾ ಎಂದು ಮೇಷ್ಟ್ರು ಕೇಳಿದ್ದು ಅವಳನ್ನೇ. ಗುರುವಾರ ಸಂಜೆ ಯಾವ ಬೀದಿಗೂ ನೀರಿಲ್ಲ, ಪಂಪಿನ ಸದ್ದಿಲ್ಲ, ಅವಳಿಗೂ ಬಿಡುವು. ಹಾಗಾಗಿ ಗುರುವಾರವೇ ಗೊತ್ತಾಯಿತು. ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಪುಟ್ಟ ಯಂತ್ರ ಕೊಟ್ಟರು. ಗುಂಡಿ ಒತ್ತಿದರೆ ಟಿಕ್ ಎಂದು ಒಂದಂಕೆ ಮುಂದೆ ಹೋಗುತ್ತದೆ. ಒಂದು ರಿಜಿಸ್ಟರು ಕೊಟ್ಟರು. ಹೊತ್ತು ಮುಳುಗುವ ವೇಳೆಗೆ ಸ್ಟೂಲು ಹಾಕಿ ಕೂತು, ಸುರಂಗದ ಬಾಯಿಂದ ಹೊರಗೆ ಬಂದ ಪ್ರತಿಯೊಂದಕ್ಕೂ ಒಂದು ಸಲ ಒತ್ತಬೇಕು. ಅವರು ಹೇಳಿದ ಮಾತನ್ನು ಅತ್ತೆ ಮೂವತ್ತು ವರ್ಷವಾದರೂ ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದಳು.

"ಹೊರಗೆ ಬಂದದ್ದನ್ನ ಒತ್ತಿ, ಅಷ್ಟೇ. ಕೂಡೋದು ಕಳೆಯೋದು ನನ್ನ ಕೆಲಸ, ನಿಮ್ಮದಲ್ಲ. ನಿಮ್ಮ ತಲೆಯಿಂದ ಏನೂ ಸೇರಿಸಬೇಡಿ. ಒಂದೂ ಬರ್ಲಿಲ್ವಾ, ಸೊನ್ನೆ ಬರೀರಿ. ಖಾಲಿ ಮಾತ್ರ ಬಿಡಬೇಡಿ."

ಶುರುವಾದದ್ದು ಹಾಗೆ. ಪಂಪ್‌ಹೌಸಿನವರು ಅವಳಿಗೆ 'ಟಿಕ್‌ಟಿಕ್ ಅಮ್ಮ' ಎಂದು ಹೆಸರಿಟ್ಟರು. ಸೊಳ್ಳೆ ಕಾಟಕ್ಕೆ ಕಾಲಿಗೆ ಗಂಡನ ಹಳೆ ಪ್ಯಾಂಟು ಸುತ್ತಿಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವಳು ಕೂರುತ್ತಿದ್ದಳು. ಚಿಕ್ಕವಳಿದ್ದಾಗ ರಜೆಗೆ ಹೋದಾಗ ನಾನೂ ಪಕ್ಕದಲ್ಲಿ ಕೂತಿದ್ದೇನೆ. ಮಾತಾಡಿದರೆ ತೊಡೆ ಚಿವುಟುತ್ತಿದ್ದಳು. ಬೆಳಕು ಬೂದಿಬಣ್ಣಕ್ಕೆ ತಿರುಗುವ ಹೊತ್ತಿಗೆ ಕಮಾನಿನ ಕೆಳಗಿಂದ ಒಂದು, ಆಮೇಲೆ ಎರಡು, ಆಮೇಲೆ ಲೆಕ್ಕಕ್ಕೆ ಸಿಗದ ಹಾಗೆ ಬರುತ್ತಿದ್ದವು. ನನಗೆ ಸಿಗದ ಲೆಕ್ಕ ಅವಳ ಹೆಬ್ಬೆರಳಿಗೆ ಸಿಗುತ್ತಿತ್ತು. ಮುನ್ನೂರರ ಆಸುಪಾಸು ಇರುತ್ತಿತ್ತು. ಮನೆಗೆ ಬಂದು, ಕೈಕಾಲು ತೊಳೆದು, ದೀಪದಡಿ ಕೂತು ಬರೆದು, ಮಸಿ ಒಣಗಲೆಂದು ಪುಸ್ತಕಕ್ಕೆ ಗಾಳಿ ಹಾಕುತ್ತಿದ್ದಳು. ಅವಳ ಮುಖ ಆಗ ಮಕ್ಕಳನ್ನು ಉಣ್ಣಿಸಿ ಮಲಗಿಸಿ ಬಂದವಳ ಮುಖದಂತೆ ಇರುತ್ತಿತ್ತು. ಎಲ್ಲ ಬಂದ್ವಾ ಅತ್ತೆ ಎಂದು ಕೇಳಿದರೆ, ಎಲ್ಲ ಅಂದ್ರೆ ಎಷ್ಟು ಅಂತ ಯಾರಿಗೆ ಗೊತ್ತು, ಬಂದಷ್ಟು ಬಂದ್ವು ಅನ್ನುತ್ತಿದ್ದಳು.

ಮೇಷ್ಟ್ರು ಮೊದಲು ವರ್ಷಕ್ಕೊಮ್ಮೆ ಬಂದು ರಿಜಿಸ್ಟರು ನೋಡುತ್ತಿದ್ದರು. ಆಮೇಲೆ ಅಂಚೆಯಲ್ಲಿ ಅದರ ನಕಲು ತರಿಸಿಕೊಳ್ಳುತ್ತಿದ್ದರು. ಒಂಬತ್ತನೇ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅತ್ತೆ ಅವತ್ತು ಕಣ್ಣೀರು ಹಾಕಿದಳು, ಗುರುವಾರ ಬಂದಾಗ ಸ್ಟೂಲು ಹಾಕಿದಳು. ಅವರ ನಂತರದವರು ವರ್ಷಕ್ಕೊಂದು ಅಚ್ಚಾದ ಕಾರ್ಡು ಕಳಿಸುತ್ತಿದ್ದರು: 'ತಮ್ಮ ಎಣಿಕೆ ತಲುಪಿದೆ, ವಂದನೆಗಳು.' ಅವನ್ನೆಲ್ಲ ಅವಳು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು. ಮೇಷ್ಟ್ರು ಹೋದ ಮೇಲೆ ಕೂಡಿ ಕಳೆಯುವ ಕೆಲಸ ಯಾರು ಮಾಡುತ್ತಿದ್ದಾರೆ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಪ್ಪತ್ತನೇ ವರ್ಷದ ಹೊತ್ತಿಗೆ ಅಂಕಿ ಇಳಿಯತೊಡಗಿತು. ಮುನ್ನೂರು ಇದ್ದದ್ದು ಇನ್ನೂರ ಎಂಬತ್ತು, ಇನ್ನೂರ ಐವತ್ತು, ಇನ್ನೂರ ಹದಿನೈದು. ಅದೇ ಕಾಲಕ್ಕೆ ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳತೊಡಗಿದಳು. ನಾನೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗ್ಲಾಕೋಮಾ, ಕಣ್ಣಿನ ನರ ಒಣಗುತ್ತಿದೆ, ನೋಟ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ ಎಂದರು. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಣ ಎಂದು ಹನಿ ಹಾಕುವ ಔಷಧಿ ಬರೆದರು. ಹೊರಗೆ ಬಂದ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಿಟ್ಟುಸಿರು ಬಿಟ್ಟಳು. ಕಣ್ಣಿಗಾಗಿ ಇರಬೇಕು ಎಂದುಕೊಂಡೆ. ಅದಲ್ಲ. ಅಂಕಿ ಯಾಕೆ ಇಳಿಯುತ್ತಿತ್ತು ಎಂದು ಅವಳಿಗೀಗ ಗೊತ್ತಾಗಿತ್ತು.

"ಅವು ಬರ್ತಾನೇ ಇವೆ ಕಣೆ. ನನಗೆ ಕಾಣಿಸ್ತಿಲ್ಲ, ಅಷ್ಟೇ. ನನ್ನ ಕಣ್ಣಿನ ತಪ್ಪಿಗೆ ಅವುಗಳ ಲೆಕ್ಕ ಕಮ್ಮಿ ಆಗಬಾರದು."

ಮುಂದಿನ ವಾರವೇ ಅವಳು ಸುರಂಗದ ಬಾಯಿಗೆ ಒಂದು ದೀಪದ ಕಂಬ ಬೇಕೆಂದು ಅರ್ಜಿ ಹಾಕಿದಳು. ತನಗಾಗಿ ಒಂದು ಫ್ಯಾನು ಕೂಡ ಕೇಳದಿದ್ದವಳು ಇದಕ್ಕಾಗಿ ಮೂರು ಅರ್ಜಿ ಬರೆದಳು, ಕಛೇರಿಯ ಮೆಟ್ಟಿಲು ಸವೆಸಿದಳು. ಟಿಕ್‌ಟಿಕ್ ಅಮ್ಮ ಜೀವಮಾನದಲ್ಲಿ ಮೊದಲ ಸಲ ಏನೋ ಕೇಳುತ್ತಿದ್ದಾಳೆ ಎಂದು ಇಂಜಿನಿಯರು ಸಹಿ ಹಾಕಿದರು. ಮೂರು ವಾರದಲ್ಲಿ ಕಂಬ ನಿಂತಿತು. ಬಿಳಿಯ ದೀಪ, ಇಟ್ಟಿಗೆಯ ಸಂದುಗಳನ್ನೂ ಎಣಿಸುವಷ್ಟು ಬೆಳಕು.

ಆ ಗುರುವಾರ ನಾನು ಅಂಗಡಿಯಿಂದ ನೇರ ಅಲ್ಲಿಗೆ ಹೋಗಿದ್ದೆ. ಅತ್ತೆಯ ಹೆಬ್ಬೆರಳು ನಿಲ್ಲಲೇ ಇಲ್ಲ. ಮುನ್ನೂರ ನಲವತ್ತು. ಎರಡು ತಿಂಗಳಿಗೆ ಮುನ್ನೂರ ಎಂಬತ್ತು. ವರ್ಷ ಕಳೆಯುವಷ್ಟರಲ್ಲಿ ನಾನೂರು ದಾಟಿತು. ಅವಳು ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತ, ನೋಡಿದ್ಯಾ, ಎಲ್ಲ ಇದ್ದವು, ನಾನೇ ಕುರುಡಿ ಎಂದು ನಗುತ್ತಿದ್ದಳು. ಅಷ್ಟು ಮನಸಾರೆ ನಕ್ಕದ್ದನ್ನು ನಾನು ಬೇರೆ ನೋಡಿಲ್ಲ.

ನಿವೃತ್ತಿಯಾದ ಮೇಲೆ ಅಪ್ಪನ ಮನೆಯ ಹಿಂದಿನ ಕೋಣೆಗೆ ಬಂದಳು, ಅವಳನ್ನು ನೋಡಿಕೊಳ್ಳಲು ನಾನೂ ಹೆಚ್ಚಾಗಿ ಅಲ್ಲೇ ಇರುತ್ತಿದ್ದೆ. ಗುರುವಾರ ಮಾತ್ರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆ ವರ್ಷವೇ ಅಚ್ಚಾದ ಕಾರ್ಡಿನ ಬದಲು ಉದ್ದನೆಯ ಪತ್ರ ಬಂತು. ನಾನು ಓದಿ ಹೇಳಿದೆ. ಇಷ್ಟು ದೀರ್ಘಕಾಲದ ಎಣಿಕೆ ಸಿಕ್ಕಿದ್ದರಿಂದ, ಸಂಖ್ಯೆ ಏರುತ್ತಲೇ ಇರುವುದರಿಂದ, ಲೋಕದ ಪಟ್ಟಿಯಲ್ಲಿ ಈ ಬಾವಲಿಯ ಮುಂದೆ 'ಮಾಹಿತಿ ಸಾಲದು' ಎಂದಿದ್ದದ್ದನ್ನು ತೆಗೆದು 'ಆತಂಕವಿಲ್ಲ' ಎಂದು ಬರೆಯಲಾಗಿದೆ. ಅತ್ತೆ ಪಂಪ್‌ಹೌಸಿನವರಿಗೆಲ್ಲ ಸಿಹಿ ಹಂಚಿದಳು. ಬಾವಲಿ ಪಾಸಾಯ್ತು ಅಂತ ಸಿಹಿ ಹಂಚಿದ ಮೊದಲನೆಯವಳು ನಮ್ಮ ಅತ್ತೆಯೇ ಇರಬೇಕು ಎಂದು ಅಪ್ಪ ಕಿಚಾಯಿಸಿದ.

ಎರಡು ವರ್ಷಕ್ಕೆ ಇಲಾಖೆಯ ಪ್ರಕಟಣೆ ಬಂತು. ಆಚೆ ಕೆರೆಯಿಂದ ದೊಡ್ಡ ಪೈಪು ತರಬೇಕು, ಹಳೆ ಸುರಂಗದೊಳಗೇ ಹಾಕುತ್ತಾರೆ, ಮಿಕ್ಕ ಜಾಗಕ್ಕೆ ಕಾಂಕ್ರೀಟು ತುಂಬುತ್ತಾರೆ. ಅತ್ತೆ ಗಾಬರಿಯಾಗಲಿಲ್ಲ. ಒಳಗೆ ನಾನೂರು ಜೀವ ಇವೆ, ಎಣಿಸಿದ ಪುಸ್ತಕ ಇದೆ, ತೋರಿಸಿದರೆ ಬಿಡುತ್ತಾರೆ ಅನ್ನುವುದು ಅವಳ ನಂಬಿಕೆ. ಆಕ್ಷೇಪಣೆ ಬರೆಸಿ ಕಳಿಸಿದಳು. ಉತ್ತರ ಬೇಗನೆ ಬಂತು. ಸ್ಥಳೀಯ ವೀಕ್ಷಕರ ಎಣಿಕೆಯ ಪ್ರಕಾರವೇ ಈ ಪ್ರಾಣಿ ಸಾಕಷ್ಟಿದೆ, ಅದರ ಬಗ್ಗೆ ಆತಂಕವಿಲ್ಲ, ಆದ್ದರಿಂದ ಕಾಮಗಾರಿಗೆ ಅಡ್ಡಿಯಿಲ್ಲ. ಆ ವೀಕ್ಷಕಳೇ ಇವಳು. ಇನ್ನೊಂದು ಸಲ ಓದು ಎಂದಳು, ಓದಿದೆ. ಅಷ್ಟರಲ್ಲಿ ಸರ್ವೆಯವರು ಸುರಂಗಕ್ಕೆ ಇಳಿದು, ದೊಡ್ಡ ದೊಡ್ಡ ದೀಪ ಹಚ್ಚಿ, ಒಂದು ವಾರ ಗೋಡೆ ಕೊರೆದು ಪರೀಕ್ಷೆ ಮಾಡಿ ಹೋಗಿದ್ದರು. ಅದು ಮರಿ ಹಾಕುವ ಕಾಲ.

ಆಗ ಬಂದಳು ಕ್ಯಾಮೆರಾ ಹುಡುಗಿ. ಹಾಗೆ ಕರೆದದ್ದು ನಾನು. ಬಾವಲಿಗಳ ಮೇಲೆಯೇ ಓದುತ್ತಿದ್ದ ಹುಡುಗಿ, ಪಟ್ಟಿಯಲ್ಲಿ ಬದಲಾದದ್ದನ್ನು ನೋಡಿ ಅನುಮಾನ ಬಂದು ಹುಡುಕಿಕೊಂಡು ಬಂದಿದ್ದಳು. ಮೈಯ ಶಾಖವನ್ನು ಹಿಡಿಯುವ ಕ್ಯಾಮೆರಾ ಅವಳ ಹತ್ತಿರ ಇತ್ತು, ಕತ್ತಲಾದರೂ ಬೆಳಕಾದರೂ ಅದಕ್ಕೆ ಒಂದೇ. ಗುರುವಾರ ಸಂಜೆ ಅತ್ತೆಯ ಸ್ಟೂಲಿನ ಪಕ್ಕ ಅದನ್ನು ನಿಲ್ಲಿಸಿದಳು. ಅತ್ತೆ ಒತ್ತಿದ್ದು ನಾನೂರ ಹನ್ನೆರಡು. ಆಮೇಲೆ ಮೂವರೂ ಪಂಪ್‌ಹೌಸಿನ ಮೇಜಿನ ಮುಂದೆ ಕೂತೆವು. ಹುಡುಗಿ ಲ್ಯಾಪ್‌ಟಾಪಿನಲ್ಲಿ ಅದನ್ನು ನಿಧಾನವಾಗಿ ಓಡಿಸಿದಳು. ಅತ್ತೆ ಮುಖವನ್ನು ಪರದೆಗೆ ಅಂಟಿಸುವಷ್ಟು ಹತ್ತಿರ ತಂದಿದ್ದಳು.

ಕಪ್ಪು ಕಮಾನಿನಿಂದ ಬೆಳ್ಳಗೆ ಒಂದು ಚುಕ್ಕಿ ಹೊರಗೆ ಬಂತು. ದೀಪದ ಹತ್ತಿರ ಬಂದದ್ದೇ ತಿರುಗಿ ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಐದು ಸಲ, ಆರು ಸಲ, ಎಂಟು ಸಲ. ಇವು ಕತ್ತಲಾಯಿತೇ ಎಂದು ಇಣುಕಿ ನೋಡುವ ಜಾತಿ, ಬೆಳಕಿದ್ದರೆ ಹೆದರಿ ವಾಪಸ್ ಹೋಗುತ್ತವೆ ಎಂದಳು ಹುಡುಗಿ. ದೀಪ ಆರದೆ ಕತ್ತಲಾಗುವುದಿಲ್ಲ, ಕತ್ತಲಾಗದೆ ಅವು ಬೇಟೆಗೆ ಹೋಗುವುದಿಲ್ಲ. ಅವಳು ಅವನ್ನು ಎರಡು ಸಲ ಎಣಿಸಿದಳು. ನಿಜವಾಗಿ ಅಲ್ಲಿದ್ದದ್ದು ಐವತ್ತಮೂರು. ಕಡಿಮೆಯಾದಷ್ಟೂ, ಹೆದರಿದಷ್ಟೂ ಒಂದೊಂದೂ ಹೆಚ್ಚು ಸಲ ಬಂದು ಹೋಗಿತ್ತು, ಅತ್ತೆ ಅಷ್ಟು ಸಲವೂ ಒತ್ತಿದ್ದಳು. ಇಪ್ಪತ್ತನೇ ವರ್ಷದಲ್ಲಿ ಅಂಕಿ ಇಳಿದದ್ದು ಕಣ್ಣಿನ ದೋಷದಿಂದಲ್ಲ. ಅವು ಆಗಲೇ ನಿಜವಾಗಿ ಕಡಿಮೆಯಾಗುತ್ತಿದ್ದವು.

ಆ ದೀಪ ಹೇಗೆ ಬಂತೆಂದು ಹುಡುಗಿಗೆ ಗೊತ್ತಿರಲಿಲ್ಲ. ಮೆಲ್ಲಗೆ ಕೇಳಿದಳು, "ಈ ಲೈಟ್ ಯಾವಾಗ ಹಾಕಿದ್ರಮ್ಮ? ಯಾರು ಹಾಕಿಸಿದ್ದು?"

ಅತ್ತೆ ಪರದೆಯಿಂದ ಮುಖ ಎತ್ತಲಿಲ್ಲ. "ನಾನೇ" ಎಂದಳು.

ಅತ್ತೆ ಮನೆಗೆ ಬಂದವಳು ಊಟ ಬೇಡವೆಂದು ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಮೂವತ್ತು ರಿಜಿಸ್ಟರುಗಳನ್ನೂ ನೆಲಕ್ಕೆ ಹರವಿಕೊಂಡು ಕೂತಿದ್ದಾಳೆ. ಓದಲಾಗದ ಕಣ್ಣು. ಬೆರಳಿನಿಂದ ಸಾಲುಗಳನ್ನು ಸವರುತ್ತಿದ್ದಳು.

ಹುಡುಗಿ ಒಂದು ವಾರದ ಮೇಲೆ ಕಾಗದ ಹಿಡಿದು ಬಂದಳು. ಕಾಮಗಾರಿ ನಿಲ್ಲಬೇಕಾದರೆ ಪಟ್ಟಿಯಲ್ಲಿನ ಮಾತು ಬದಲಾಗಬೇಕು. ಅದು ಬದಲಾಗಬೇಕಾದರೆ, ಹಿಂದಿನ ಎಣಿಕೆಯನ್ನು ನಂಬಲಾಗದು ಎಂದು ಎಣಿಸಿದವರೇ ಬರೆದುಕೊಟ್ಟರೆ ಬೇಗ ಆಗುತ್ತದೆ. ಹೇಳುವಾಗ ಅವಳ ಕಣ್ಣು ತುಂಬಿತ್ತು. ನಾನು ಸುಮ್ಮನಿರಲಿಲ್ಲ. ಮೇಷ್ಟ್ರು ಹೇಳಿಕೊಟ್ಟ ಹಾಗೆ ಎಣಿಸಿದ್ದು, ತಪ್ಪು ಅವರದು. ಲೆಕ್ಕ ತೆಗೆದುಕೊಂಡು ಕಾರ್ಡು ಕಳಿಸಿ ಕೈ ತೊಳೆದುಕೊಂಡವರದು. ಒಂದು ಸಲವಾದರೂ ಬಂದು ಪಕ್ಕದಲ್ಲಿ ಕೂತು ನೋಡದವರದು. ಬೇಕಾದರೆ ಅವರು ಬರೆದುಕೊಡಲಿ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅತ್ತೆ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ವಾಪಸ್ ಹೋಗೋದು ನನ್ನ ಕಣ್ಣಿಗೆ ಬಿದ್ದಿತ್ತು ಕಣೆ. ಮೊದಲಿಂದಲೂ ಬಿದ್ದಿತ್ತು. ಕೇಳಬೇಕು ಅಂದ್ಕೊಂಡಿದ್ದೆ, ಅಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ರು. ಆಮೇಲೆ ಯಾರನ್ನೂ ಕೇಳ್ಲಿಲ್ಲ. ಅಂಕಿ ಜಾಸ್ತಿ ಬಂದ್ರೆ ಖುಷಿಯಾಗ್ತಿತ್ತು ನನಗೆ."

ನಾನು ಕಾಗದವನ್ನು ಓದಿದೆ. ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಅವಳ ಬೆರಳನ್ನು ಇಟ್ಟೆ. ಒಂದಂಕಿಯನ್ನೂ ಹೊಡೆದು ತಿದ್ದದ ನಮ್ಮ ಅತ್ತೆ ಮೂವತ್ತು ವರ್ಷದ ಗುರುವಾರಗಳನ್ನೆಲ್ಲ ಒಂದೇ ಸಹಿಯಲ್ಲಿ ಹೊಡೆದುಹಾಕಿದಳು. ಆಮೇಲೆ ಹುಡುಗಿಗೆ ಟೀ ಮಾಡಿಕೊಡು ಎಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ದೀಪ ಹಾಕಿಸಲು ಮೂರು ವಾರ ಹಿಡಿದಿತ್ತು. ತೆಗೆಸಲು ಎಂಟು ತಿಂಗಳಾದರೂ ಆಗಲಿಲ್ಲ. ಹಾಕಲು ಅರ್ಜಿಯ ನಮೂನೆ ಇದೆ, ತೆಗೆಯಲು ಇಲ್ಲ ಎಂದರು ಕಛೇರಿಯವರು. ಕೊನೆಗೆ ಈಗಿನ ನೀರುಗಂಟಿ, ಅತ್ತೆಯ ಕೈಕೆಳಗೆ ಕೆಲಸ ಕಲಿತವನು, ಒಂದು ಮಧ್ಯಾಹ್ನ ಏಣಿ ಹಾಕಿ ಹತ್ತಿ ಬಲ್ಬು ಬಿಚ್ಚಿ ತಂದು ಅವಳ ಕೈಗೇ ಕೊಟ್ಟ. ಕೆಟ್ಟುಹೋಗಿದೆ ಅಂತ ಬರೀತೀನಮ್ಮ ಎಂದ. ಅವಳು ಜೀವನದಲ್ಲಿ ಒಪ್ಪಿದ ಸುಳ್ಳು ಲೆಕ್ಕ ಅದೊಂದೇ.

ದೀಪ ಹೋದ ಮೇಲೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ನಾನು ಕೂರತೊಡಗಿದೆ. ಗುರುವಾರ ನಾಲ್ಕಕ್ಕೇ ಅಂಗಡಿಯ ಬಾಗಿಲು ಎಳೆದು, ಅವಳ ಕೈ ಹಿಡಿದು ಬಸ್ಸು ಹತ್ತಿಸುತ್ತಿದ್ದೆ. ಹುಡುಗಿ ಎರಡು ಯಂತ್ರ ಕೊಟ್ಟಿದ್ದಳು. ಹೊರಗೆ ಬಂದದ್ದಕ್ಕೆ ಬಲಗೈ, ಒಳಗೆ ಹೋದದ್ದಕ್ಕೆ ಎಡಗೈ, ಕೊನೆಯಲ್ಲಿ ಕಳೆಯಬೇಕು. ಅತ್ತೆ ಪಕ್ಕದಲ್ಲಿ ಕೂತು ಟಿಕ್ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಎಡಗೈ ಸದ್ದಾದಾಗಲೆಲ್ಲ ಅವಳ ಭುಜ ಕುಗ್ಗುತ್ತಿತ್ತು. ಮೊದಲ ಗುರುವಾರ ಮೂವತ್ತೊಂದು. ಮಳೆಗಾಲ ಕಳೆದ ಮೇಲೆ ಹತ್ತೊಂಬತ್ತು. ಮರುವರ್ಷ ಏಳು. ಒಂದು ಸಲ ನಾನು ಏಳನ್ನು ಒಂಬತ್ತು ಎಂದು ಹೇಳಿಬಿಟ್ಟೆ, ಸುಮ್ಮನೆ, ಅವಳಿಗೆ ಸಮಾಧಾನವಾಗಲಿ ಎಂದು. ಅವಳು ನನ್ನ ಎರಡೂ ಕೈಯಿಂದ ಯಂತ್ರ ತೆಗೆದುಕೊಂಡು ಬಸ್ ನಿಲ್ದಾಣದಲ್ಲಿ ಯಾರಿಂದಲೋ ಅಂಕಿ ಓದಿಸಿಕೊಂಡಳು. ಆ ವಾರವಿಡೀ ನನ್ನೊಡನೆ ಮಾತು ಬಿಟ್ಟಿದ್ದಳು.

ಅದೇ ವರ್ಷ ಪಟ್ಟಿ ಬದಲಾಯಿತು. 'ತೀವ್ರ ಅಳಿವಿನಂಚಿನಲ್ಲಿದೆ.' ಪೈಪು ಬೇರೆ ದಾರಿ ಹಿಡಿಯಿತು. ಸುರಂಗದ ಬಾಯಿಗೆ ಬಾವಲಿ ಹಾರಾಡುವಷ್ಟು ಸಂದು ಬಿಟ್ಟು ಅಡ್ಡಸರಳುಗಳ ಗೇಟು ಬಂತು, ಯಾರೂ ಒಳಗೆ ಹೋಗಬಾರದೆಂದು ಬೋರ್ಡು ಬಂತು. ಹುಡುಗಿ ತನ್ನ ವರದಿಯ ಒಂದು ಪ್ರತಿ ಕಳಿಸಿದಳು. ಅತ್ತೆ ಇದ್ದದ್ದು ಒಂದೇ ಸಾಲಿನಲ್ಲಿ: 'ಇದಕ್ಕೂ ಹಿಂದಿನ ಎಣಿಕೆಗಳು ವಿಶ್ವಾಸಾರ್ಹವಲ್ಲದ ಕಾರಣ ಅವನ್ನು ಪರಿಗಣಿಸಿಲ್ಲ.' ನಾನು ಆ ಸಾಲನ್ನು ಹಾರಿಸಿ ಓದಲು ನೋಡಿದೆ. ನಡುವೆ ಏನೋ ಬಿಟ್ಟೆ, ಓದು ಎಂದಳು. ಓದಿದೆ. ಸರಿಯಾಗಿ ಬರೆದಿದ್ದಾಳೆ ಎಂದಳು.

ಚಳಿಗೆ ಅವಳು ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿ ಮಾತು ಸಣ್ಣಗಾಯಿತು. ಡಾಕ್ಟರು ಬಂದು ನೋಡಿ ನನ್ನನ್ನು ಹೊರಗೆ ಕರೆದು ಹೇಳಬೇಕಾದದ್ದನ್ನು ಹೇಳಿ ಹೋದರು. ಬುಧವಾರ ಅವಳು ನಾಳೆ ಯಾವ ವಾರ ಎಂದು ಕೇಳಿದಳು. ಅತ್ತೆ, ನಿನ್ನನ್ನು ಬಿಟ್ಟು ನಾನು ಎಲ್ಲಿಗೂ ಹೋಗಲ್ಲ ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ, ಹೋಗು ಎಂದು ಕೈಯಾಡಿಸಿದಳು. ಗುರುವಾರ ಸಂಜೆ ನಮ್ಮ ಮನೆಯಲ್ಲಿ ಯಾರೂ ಸಾಯಬಾರದು ಎಂದು ನನಗೆ ನಾನೇ ಹೇಳಿಕೊಂಡು ಹೋದೆ.

ಹೊಸ ಗೇಟಿನ ಎದುರು ಸ್ಟೂಲು ಹಾಕಿ ಕೂತೆ. ಆಕಾಶ ಬೂದಿಬಣ್ಣಕ್ಕೆ ತಿರುಗಿತು, ಗುಡ್ಡ ಕಪ್ಪಾಯಿತು. ಬಲಗೈ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಕಾದೆ. ಎಲೆ ಬಿದ್ದರೂ ಬೆಚ್ಚಿ ನೋಡಿದೆ. ಇಟ್ಟಿಗೆಯ ಕಮಾನು ಕತ್ತಲಲ್ಲಿ ಕರಗುವವರೆಗೂ ಕೂತಿದ್ದೆ. ರಿಜಿಸ್ಟರನ್ನು ತೊಡೆಯ ಮೇಲೆ ಬಿಚ್ಚಿ ಟಾರ್ಚಿನ ಬೆಳಕಲ್ಲಿ ಅಂಕಿಯನ್ನು ಒತ್ತಿ ಬರೆದೆ. ಮೂವತ್ತು ವರ್ಷದ ರಿಜಿಸ್ಟರುಗಳಲ್ಲಿ ಆ ಅಂಕಿ ಎಲ್ಲೂ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಅವಳ ಕಾಲು ತಿಕ್ಕುತ್ತ ಕೂತಿದ್ದ. ನನ್ನ ಹೆಜ್ಜೆ ಸದ್ದಿಗೆ ಅವಳು ಮುಖ ಹೊರಳಿಸಿದಳು. ನಾನು ಪಕ್ಕದಲ್ಲಿ ಕೂತೆ.

"ಬರೆದ್ಯಾ?" ಎಂದಳು. "ಖಾಲಿ ಬಿಟ್ಟಿಲ್ಲ ತಾನೆ?"

"ಇಲ್ಲ ಅತ್ತೆ. ಬರೆದೆ."

"ಎಷ್ಟು?"

ಸುಳ್ಳು ಹೇಳಲು ಇಡೀ ದಾರಿ ತಯಾರಾಗಿ ಬಂದಿದ್ದೆ. ನಾಲ್ಕು ಎಂದು ಹೇಳುವುದೆಂದು ಬಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದೆ. ಬಾಯಿಗೆ ಬರಲಿಲ್ಲ. "ಸೊನ್ನೆ" ಎಂದೆ.

ಅಪ್ಪನ ಕೈ ನಿಂತಿತು. ಅತ್ತೆ ಕೇಳಿದಳು, "ಒಳಗೆ ಹೋದದ್ದು ಕಳೆದ್ಯಾ?"

"ಬಂದಿದ್ರೆ ತಾನೆ ಅತ್ತೆ ಒಳಗೆ ಹೋಗೋದು."

ಅವಳು ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ಗೊತ್ತಾಗಿ ರಿಜಿಸ್ಟರನ್ನು ಬಿಚ್ಚಿ ಎದೆಯ ಮೇಲೆ ಇಟ್ಟೆ, ಬೆರಳನ್ನು ಆ ಸಾಲಿಗೆ ಮುಟ್ಟಿಸಿದೆ. ಒತ್ತಿ ಬರೆದಿದ್ದರಿಂದ ಕಾಗದದಲ್ಲಿ ಗುರುತು ಮೂಡಿತ್ತು. ಅವಳ ಬೆರಳು ಅದರ ಸುತ್ತ ಒಂದು ಸಲ ನಿಧಾನವಾಗಿ ಹೋಗಿ ಬಂತು.

"ಹಾಗಾದ್ರೆ ಇದೊಂದು ತಪ್ಪಿರಲ್ಲ" ಎಂದಳು.